ನೀರು ದಾಟದ ಬೆಟ್ಟ

ಕೊರಿಯಾದ ದಕ್ಷಿಣದಲ್ಲಿರುವ ಜಿರಿಸಾನ್‌ನಿಂದ ಹೊರಟು, ಉತ್ತರಕ್ಕೆ ಚೀನಾದ ಗಡಿಯಲ್ಲಿರುವ ಬೇಕ್ದುಸಾನ್‌ವರೆಗೆ, ಒಂದೇ ಒಂದು ಹೊಳೆಯನ್ನಾಗಲಿ ಹಳ್ಳವನ್ನಾಗಲಿ ದಾಟದೆ ನಡೆದುಹೋಗಬಹುದು. ಸುಮಾರು 1,400 ಕಿಲೋಮೀಟರ್. ಇದು ಲೆಕ್ಕದ ಮಾತು. ನಿಜಕ್ಕೂ ನಡೆಯಹೊರಟರೆ ಅರ್ಧ ದಾರಿಯಲ್ಲಿ ಮುಳ್ಳುತಂತಿ, ಸೈನಿಕರು, ನೆಲಬಾಂಬು. ಆದರೂ ಪ್ರತಿ ಶನಿವಾರ ರಾತ್ರಿ ದಕ್ಷಿಣ ಕೊರಿಯಾದ ಊರೂರುಗಳಿಂದ ಬಸ್ಸು ಹತ್ತಿ, ತಲೆಗೆ ಟಾರ್ಚು ಕಟ್ಟಿಕೊಂಡು, ಈ ಬೆಟ್ಟಸಾಲಿನ ಒಂದೊಂದು ತುಂಡನ್ನು ನಡೆದು ಮುಗಿಸುವ ಜನ ಇದ್ದಾರೆ. ಈ ಸಾಲಿನ ಹೆಸರು ಬೇಕ್ದು-ದೇಗಾನ್. 'ಬೇಕ್' ಎಂದರೆ ಬಿಳಿ (ನಮ್ಮ ಕಿವಿಗೆ ಅದು 'ಬೇಕು' ಎಂದೇ ಬೀಳುತ್ತದೆ), 'ದು' ಎಂದರೆ ತಲೆ, 'ದೇಗಾನ್' ಎಂದರೆ ದೊಡ್ಡ ಕಾಂಡ. ಬೆಳ್ದಲೆಯ ಬೆಟ್ಟದಿಂದ ಇಳಿದುಬಂದ ಮಹಾಕಾಂಡ ಅನ್ನಬಹುದು. 'ಸಾನ್' ಅಂದರೇ ಬೆಟ್ಟ, ಹಾಗಾಗಿ ಬೇಕ್ದುಸಾನ್ ಬೆಟ್ಟ ಎಂದು ಬರೆದರೆ ಬೆಟ್ಟದ ಬೆಟ್ಟ ಆಗಿಬಿಡುತ್ತದೆ.

ನಾನು ಸಕಲೇಶಪುರದ ಕಡೆಯವನು. ಹನ್ನೊಂದು ವರ್ಷದಿಂದ ಚೆನ್ನೈಯಲ್ಲಿದ್ದೇನೆ. ಶ್ರೀಪೆರಂಬದೂರಿನ ಸುತ್ತ ಕೊರಿಯಾದವರ ಕಾರ್ಖಾನೆಗಳು, ಅವರಿಗೆ ಬಿಡಿಭಾಗ ಮಾಡಿಕೊಡುವ ಕಂಪನಿಗಳು, ಅವರ ಊಟದ ಮನೆಗಳು ಎಷ್ಟಿವೆ ಎಂದು ಅಲ್ಲಿ ಕೆಲಸ ಮಾಡುವವರಿಗೆ ಗೊತ್ತು. ನನ್ನದೂ ಅಂಥದೇ ಒಂದು ಕೆಲಸ. ತರಬೇತಿಗೆಂದು ನಾಲ್ಕು ತಿಂಗಳು ಗ್ವಾಂಗ್ಜು ನಗರದಲ್ಲಿದ್ದಾಗ ನಮ್ಮ ವಿಭಾಗದ ಹಿರಿಯರೊಬ್ಬರು ಈ ಬೆಟ್ಟಸಾಲಿನ ಒಂದು ತುಂಡಿಗೆ ನನ್ನನ್ನೂ ಕರೆದೊಯ್ದರು. ಅಲ್ಲಿಂದ ಶುರುವಾದ ಓದು ಇದು.

ಕಾಂಡ ಎಂಬ ಮಾತಿನಿಂದಲೇ ಆರಂಭಿಸಬೇಕು. ನಾವು ಶಾಲೆಯಲ್ಲಿ ಬೆಟ್ಟಗಳನ್ನು ಕಲಿತದ್ದು ಎತ್ತರದಿಂದ. ಮುಳ್ಳಯ್ಯನಗಿರಿ ಇಷ್ಟು ಮೀಟರ್, ಕುದುರೆಮುಖ ಇಷ್ಟು ಮೀಟರ್. ಹಳೆಯ ಕೊರಿಯಾದವರು ಬೆಟ್ಟವನ್ನು ಲೆಕ್ಕ ಹಾಕುತ್ತಿದ್ದದ್ದು ನೀರಿನಿಂದ. ಒಂದು ಬೆಟ್ಟದ ನೆತ್ತಿಗೆ ಬಿದ್ದ ಮಳೆ ಎರಡು ಕಡೆಗೆ ಹರಿಯುತ್ತದಲ್ಲ, ಆ ಎರಡು ನೀರನ್ನು ಬೇರೆ ಮಾಡುವ ಗೆರೆಯೇ ಅವರಿಗೆ ಬೆಟ್ಟ. ಆ ಗೆರೆ ಎಲ್ಲೂ ತುಂಡಾಗುವುದಿಲ್ಲ, ಏಕೆಂದರೆ ನೀರು ಬೆಟ್ಟವನ್ನು ದಾಟುವುದಿಲ್ಲ. ಎರಡು ನದಿಗಳಿದ್ದರೆ ಅವುಗಳ ನಡುವೆ ಒಂದು ಬೆಟ್ಟ ಇದ್ದೇ ಇರಬೇಕು, ಅದು ಆಳೆತ್ತರದ ದಿಬ್ಬವೇ ಆಗಿದ್ದರೂ.

ಈ ಲೆಕ್ಕವನ್ನು ಪೂರ್ತಿಯಾಗಿ ಬರೆದಿಟ್ಟ ಪುಸ್ತಕ 'ಸಾನ್‌ಗ್ಯಂಗ್‌ಪ್ಯೊ', ಅಂದರೆ ಬೆಟ್ಟಗಳ ಪಟ್ಟಿ. 18ನೇ ಶತಮಾನದ ವಿದ್ವಾಂಸ ಶಿನ್ ಗ್ಯಂಗ್‌ಜುನ್ (1712–1781) ಹೆಸರಿನಲ್ಲಿ ಅದನ್ನು ಹೇಳುತ್ತಾರೆ. ನನಗೆ ಖುಷಿ ಕೊಟ್ಟದ್ದು ಅದರ ರೂಪ. ಅದು ನಕ್ಷೆಯಲ್ಲ, ವಂಶಾವಳಿ. ನಮ್ಮ ಹಳೆಯ ಮನೆತನಗಳಲ್ಲಿ ಇಂಥವರ ಮಗ ಇಂಥವರು, ಅವರ ಮಗ ಇಂಥವರು ಎಂದು ಬರೆದಿಟ್ಟಿರುತ್ತಾರಲ್ಲ, ಹಾಗೆ ಬೆಟ್ಟಗಳನ್ನು ಒಂದರ ಕೆಳಗೊಂದು ಬರೆದಿದೆ. ಮೂಲಪುರುಷ ಬೇಕ್ದುಸಾನ್. ಅದರಿಂದ ಒಂದು ದೇಗಾನ್, ಒಂದು ಚಿಕ್ಕ ಕಾಂಡ, 13 ಕೊಂಬೆಗಳು, ಒಟ್ಟು 15. ಕೊಂಬೆಗಳಿಗೆ ಇಟ್ಟ ಹೆಸರುಗಳಲ್ಲಿ ಹೆಚ್ಚಿನವು ನದಿಗಳದ್ದೇ. ಹಾನ್ ನದಿಯ ಉತ್ತರದ ಸಾಲು, ಹಾನ್ ನದಿಯ ದಕ್ಷಿಣದ ಸಾಲು, ಗುಮ್ ನದಿಯ ಉತ್ತರದ ಸಾಲು, ಹೀಗೆ. ಬೆಟ್ಟಕ್ಕೆ ನದಿಯಿಂದ ಹೆಸರು.

ಈ ಕಲ್ಪನೆ ಶಿನ್ ಗ್ಯಂಗ್‌ಜುನ್‌ಗಿಂತ ಬಹಳ ಹಳೆಯದು. 9ನೇ ಶತಮಾನದ ಬೌದ್ಧ ಭಿಕ್ಷು ದೊಸನ್ (827–898) ಕೊರಿಯಾದ ಭೂಮಿವಿದ್ಯೆಗೆ, ನಾವು ವಾಸ್ತು ಎನ್ನುವುದಕ್ಕೆ ಹತ್ತಿರದ ಒಂದು ವಿದ್ಯೆಗೆ, ಆದಿಗುರು. ದೇಶದ ಜೀವಶಕ್ತಿ ಬೇಕ್ದುಸಾನ್‌ನಲ್ಲಿ ಹುಟ್ಟಿ ಬೆಟ್ಟಸಾಲಿನ ಗುಂಟ ಹರಿದು ಜಿರಿಸಾನ್‌ನಲ್ಲಿ ಕೊನೆಯಾಗುತ್ತದೆ ಎಂಬ ಮಾತು ಅವನದೆಂದು ನಂಬಿಕೆ. ನೆಲವೂ ಮೈ ಇದ್ದ ಹಾಗೆ, ಬಲಹೀನ ಜಾಗಗಳಲ್ಲಿ ಗುಡಿಯನ್ನೋ ಗೋಪುರವನ್ನೋ ಕಟ್ಟಿ ವಾಸಿ ಮಾಡಬೇಕು ಎಂಬುದು ಅವನ ಪಂಥದ ಚಿಕಿತ್ಸೆ. ಇದರಲ್ಲಿ ನಂಬಿಕೆ ಇಲ್ಲದವರೂ ಇದರ ಫಲವನ್ನು ನೋಡಬಹುದು: ಕೊರಿಯಾದ ಹಳೆಯ ದೇಗುಲಗಳಲ್ಲಿ ಬಹಳಷ್ಟು ಈ ಸಾಲಿನ ಮಡಿಲಲ್ಲೇ ಇವೆ.

ಆ ಬೌದ್ಧ ದೇಗುಲಗಳಿಗೆ ಹೋದರೆ ಮುಖ್ಯ ಗುಡಿಯ ಹಿಂದೆ, ಸ್ವಲ್ಪ ಎತ್ತರದಲ್ಲಿ, ಒಂದು ಪುಟ್ಟ ಗುಡಿ ಇರುತ್ತದೆ. ಒಳಗೆ ಬುದ್ಧನಿಲ್ಲ. ಬಿಳಿಗಡ್ಡದ ಒಬ್ಬ ಮುದುಕ, ಪೈನ್ ಮರ, ಪಕ್ಕದಲ್ಲಿ ಒಂದು ಹುಲಿ. ಅವನೇ ಸಾನ್ಶಿನ್, ಬೆಟ್ಟದ ದೇವರು. ಬುದ್ಧ ಬರುವ ಮೊದಲೇ ಇದ್ದವನು. ಬುದ್ಧ ಬಂದಮೇಲೆ ಹಿತ್ತಿಲಿಗೆ ಸರಿದು ಕೂತಿದ್ದಾನೆ, ಆದರೆ ಜಾಗ ಬಿಟ್ಟಿಲ್ಲ. ಚಿತ್ರದಲ್ಲಿನ ಹುಲಿಯ ಮುಖದಲ್ಲಿ ಕ್ರೌರ್ಯ ಕಡಿಮೆ, ಮನೆಯ ಬೆಕ್ಕಿನ ಕಳೆಯೇ ಜಾಸ್ತಿ. ಏಳುಮಲೆಯ ಮಾದಪ್ಪನನ್ನು ಹುಲಿಯ ಮೇಲೆ ನೋಡಿ ಬೆಳೆದವರಿಗೆ ಆ ಗುಡಿಯ ಮುಂದೆ ಪರಿಚಯ ಬೇಕಾಗುವುದಿಲ್ಲ. ಎರಡಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಬೆಟ್ಟ, ಹುಲಿ ಇರುವ ಕಡೆ ಜನ ಒಂದೇ ಥರ ಯೋಚಿಸುತ್ತಾರೋ ಏನೋ.

ಕೊರಿಯಾದವರ ಮೂಲಪುರುಷ ದಾನ್ಗುನ್ ಕೂಡ ಕೊನೆಗೆ ಬೆಟ್ಟದ ದೇವರೇ ಆದನಂತೆ. 13ನೇ ಶತಮಾನದಲ್ಲಿ ಇಲ್ಯನ್ ಎಂಬ ಭಿಕ್ಷು ಬರೆದ 'ಸಾಮ್ಗುಕ್ ಯುಸಾ'ದಲ್ಲಿ ಆ ಕಥೆ ಬರುತ್ತದೆ. ಆಕಾಶದ ಒಡೆಯನ ಮಗ ಬೆಟ್ಟದ ಮೇಲೆ ಇಳಿದ. ಕರಡಿ, ಹುಲಿ ಎರಡೂ ಮನುಷ್ಯರಾಗಬೇಕೆಂದು ಅವನಲ್ಲಿ ಬೇಡಿಕೊಂಡವು. ಗವಿಯೊಳಗೆ ಬೆಳ್ಳುಳ್ಳಿ ಮತ್ತು ಒಂದು ಕಹಿಸೊಪ್ಪು ತಿಂದುಕೊಂಡು ಇರಿ ಎಂದ. ಹುಲಿ ತಡೆಯಲಾರದೆ ಓಡಿತು, ಕರಡಿ ಹೆಣ್ಣಾಯಿತು, ಅವಳ ಮಗನೇ ದಾನ್ಗುನ್. ಇವತ್ತು ಯಾರನ್ನು ಕೇಳಿದರೂ ಆ ಬೆಟ್ಟ ಬೇಕ್ದುಸಾನ್ ಎನ್ನುತ್ತಾರೆ. ಇಲ್ಯನ್ ಮಾತ್ರ ಅದು ಮ್ಯೊಹ್ಯಾಂಗ್ಸಾನ್ ಎಂಬ ಬೇರೆ ಬೆಟ್ಟ ಎಂದು ಟಿಪ್ಪಣಿ ಹಾಕಿದ್ದಾನೆ. ಪುರಾಣ ಆಮೇಲೆ ಹೆಚ್ಚು ಎತ್ತರದ ಬೆಟ್ಟಕ್ಕೆ ಮನೆ ಬದಲಾಯಿಸಿತು.

ಎತ್ತರದ್ದೇನೋ ಹೌದು. ಬೇಕ್ದುಸಾನ್ 2,744 ಮೀಟರ್ ಇದೆ. ಅದು ಜ್ವಾಲಾಮುಖಿ. ಕ್ರಿ.ಶ. 946ರಲ್ಲಿ ಸಿಡಿದಾಗ ಬೂದಿ ಸಮುದ್ರ ದಾಟಿ ಜಪಾನಿನವರೆಗೆ ಬಿದ್ದಿತ್ತು. ಈಗ ನೆತ್ತಿಯಲ್ಲಿ 'ಚೊನ್ಜಿ' ಎಂಬ ಕೆರೆ, ಆಕಾಶದ ಕೆರೆ. 1962ರ ಒಪ್ಪಂದದಲ್ಲಿ ಚೀನಾ ಮತ್ತು ಉತ್ತರ ಕೊರಿಯಾ ಆ ಕೆರೆಯನ್ನೇ ಪಾಲು ಮಾಡಿಕೊಂಡವು. ಚೀನಾದವರು ಅದನ್ನು ಚಾಂಗ್‌ಬೈಶಾನ್ ಎನ್ನುತ್ತಾರೆ, ಮಂಚೂ ಅರಸರಿಗೂ ಅದು ಮೂಲಸ್ಥಾನ. ಅಲ್ಲಿಗೆ ಒಂದೇ ಬೆಟ್ಟಕ್ಕೆ ಹಕ್ಕುದಾರರು ಮೂರು ಜನ.

ಇನ್ನು ನಕ್ಷೆಯ ಕಥೆ. 1861ರಲ್ಲಿ ಕಿಮ್ ಜಂಗ್‌ಹೊ ಎಂಬಾತ 'ದೇದೊಂಗ್‌ಯೊಜಿದೊ' ಎಂಬ ದೊಡ್ಡ ನಕ್ಷೆಯನ್ನು ಮರದ ಅಚ್ಚಿನಲ್ಲಿ ಕೆತ್ತಿ ಮುದ್ರಿಸಿದ. ಮಡಚಿಡಬಹುದಾದ 22 ಪಟ್ಟಿಗಳು, ಎಲ್ಲ ಬಿಡಿಸಿ ಹಾಸಿದರೆ ಆರೂವರೆ ಮೀಟರಿಗಿಂತ ಉದ್ದ. ದಾರಿಗಳ ಮೇಲೆ ಹತ್ತು 'ರಿ' ದೂರಕ್ಕೊಂದು ಗುರುತು, ನಡೆಯುವವರು ದೂರ ಎಣಿಸಿಕೊಳ್ಳಲಿ ಎಂದು. ಬೆಟ್ಟಗಳನ್ನು ಆತ ಬಿಡಿಬಿಡಿ ಶಿಖರಗಳಾಗಿ ಬರೆಯಲಿಲ್ಲ. ದಪ್ಪ ಕಪ್ಪು ಗೆರೆಗಳಾಗಿ, ಬೇರಿನ ಹಾಗೆ, ಒಂದಕ್ಕೊಂದು ಕೂಡಿಸಿ ಬರೆದ. ಆ ನಕ್ಷೆಯ ಪ್ರತಿಯನ್ನು ಮೊದಲು ನೋಡಿದಾಗ ನನಗೆ ಅದು ದೇಶದ ನಕ್ಷೆ ಅನಿಸಲಿಲ್ಲ, ವೈದ್ಯರ ಗೋಡೆಯ ಮೇಲಿನ ನರಗಳ ಚಿತ್ರ ಅನಿಸಿತು.

ನಲವತ್ತು ವರ್ಷ ಕಳೆದು 1900ರಿಂದ 1902ರವರೆಗೆ ಟೋಕಿಯೋದ ಭೂವಿಜ್ಞಾನಿ ಕೊತೊ ಬುಂಜಿರೊ ಕೊರಿಯಾವನ್ನು ಸುತ್ತಿ, 1903ರಲ್ಲಿ ಅಲ್ಲಿನ ಪರ್ವತಗಳ ಮೇಲೆ ಒಂದು ಪ್ರಬಂಧ ಪ್ರಕಟಿಸಿದ. ಅವನ ಕಣ್ಣಿದ್ದದ್ದು ನೆಲದೊಳಗಿನ ಬಂಡೆಯ ಮೇಲೆ. ಬಂಡೆ ಯಾವ ದಿಕ್ಕಿಗೆ ಮಡಿಕೆಯಾಗಿದೆ, ಎಲ್ಲಿ ಸೀಳಿದೆ ಎಂಬುದನ್ನು ಹಿಡಿದು ಪರ್ವತಗಳನ್ನು ವಿಂಗಡಿಸಿದ. ಆ ವಿಂಗಡಣೆಯಲ್ಲಿ ಬೇಕ್ದು-ದೇಗಾನ್‌ಗೆ ಜಾಗವಿರಲಿಲ್ಲ. ಒಂದೇ ಕಾಂಡ ತೇಬೇಕ್ ಪರ್ವತಶ್ರೇಣಿ, ಸೊಬೇಕ್ ಪರ್ವತಶ್ರೇಣಿ ಮುಂತಾಗಿ ತುಂಡುಗಳಾಯಿತು. 1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿತು, ಪಠ್ಯಪುಸ್ತಕಗಳಿಗೆ ಈ ತುಂಡುಗಳೇ ಬಂದವು. 1945ರಲ್ಲಿ ಜಪಾನಿನವರು ಹೋದರು, ಪಠ್ಯ ಹೋಗಲಿಲ್ಲ.

ಕೊತೊ ಕೊರಿಯಾದ ಆಕಾರವನ್ನು ಮೊಲಕ್ಕೆ ಹೋಲಿಸಿದ್ದ. 1908ರಲ್ಲಿ ಹದಿನೆಂಟು ವರ್ಷದ ಚ್ವೆ ನಾಮ್‌ಸನ್ ತಾನು ಶುರುಮಾಡಿದ 'ಸೊನ್ಯನ್' ಪತ್ರಿಕೆಯಲ್ಲಿ ಅದೇ ನಕ್ಷೆಯೊಳಗೆ ಕಾಲು ಎತ್ತಿ ಗರ್ಜಿಸುವ ಹುಲಿಯನ್ನು ಬಿಡಿಸಿ ಉತ್ತರ ಕೊಟ್ಟ. ಇದೇ ಚ್ವೆ ಕಟ್ಟಿದ ಸಂಸ್ಥೆ 1913ರಲ್ಲಿ 'ಸಾನ್‌ಗ್ಯಂಗ್‌ಪ್ಯೊ'ವನ್ನು ಅಚ್ಚು ಹಾಕಿತು. ದೇಶ ಕೈಬಿಟ್ಟು ಹೋದಾಗ ಬೆಟ್ಟಗಳ ವಂಶಾವಳಿಯನ್ನಾದರೂ ಉಳಿಸಿಕೊಳ್ಳೋಣ ಎಂದಿರಬೇಕು. ಮುಂದೆ ಈ ಚ್ವೆಯೇ ಜಪಾನಿನವರ ಜೊತೆ ಕೈಜೋಡಿಸಿ ಕೆಟ್ಟ ಹೆಸರು ತೆಗೆದುಕೊಂಡ. ಇತಿಹಾಸ ಓದುವಾಗ ಇಂಥವರು ಎದುರಾದರೆ ಎಲ್ಲಿ ಕೂರಿಸಬೇಕೋ ತಿಳಿಯುವುದಿಲ್ಲ. ಪುಸ್ತಕ ಉಳಿದದ್ದು ಮಾತ್ರ ಅವನಿಂದ.

ಉಳಿದದ್ದೂ ಹೆಚ್ಚುಕಡಿಮೆ ಮರೆತೇಹೋಗಿತ್ತು. 1980ರಲ್ಲಿ ಲೀ ವೂಹ್ಯಂಗ್ ಎಂಬ ನಕ್ಷೆಗಾರರು, ಕಿಮ್ ಜಂಗ್‌ಹೊನ ನಕ್ಷೆಯ ಹುಚ್ಚು ಹಿಡಿಸಿಕೊಂಡಿದ್ದವರು, ಸೋಲ್ ನಗರದ ಇನ್ಸಾದೊಂಗ್ ಬೀದಿಯ ಹಳೆ ಪುಸ್ತಕದ ಅಂಗಡಿಯಲ್ಲಿ ಆ ಪ್ರತಿಯನ್ನು ಕಂಡರು. ನಕ್ಷೆಯ ಕಪ್ಪು ಗೆರೆಗೂ ಪುಸ್ತಕದ ಪಟ್ಟಿಗೂ ತಾಳೆ ಹಾಕಿದರು. ಅವರು ಅದನ್ನು ಬರೆದು, ಭಾಷಣ ಮಾಡಿ ಹಬ್ಬಿಸಿದ ಮೇಲೆ, 80ರ ದಶಕದ ಕೊನೆಯ ಹೊತ್ತಿಗೆ ಕಾಲೇಜುಗಳ ಚಾರಣ ಸಂಘದವರು ಹೌದೋ ಅಲ್ಲವೋ ನೋಡಿಯೇ ಬಿಡೋಣ ಎಂದು ನಡೆಯತೊಡಗಿದರು. ಅಂದರೆ ಈ ದಾರಿಯನ್ನು ಯಾವ ಪ್ರವಾಸೋದ್ಯಮ ಇಲಾಖೆಯೂ ಯೋಜನೆ ಹಾಕಿ ಕಡಿಯಲಿಲ್ಲ. ಒಂದು ಹಳೆಯ ಪುಸ್ತಕ ನಿಜ ಹೇಳುತ್ತದೋ ಇಲ್ಲವೋ ಎಂದು ಕಾಲಿನಿಂದ ಪರೀಕ್ಷೆ ಮಾಡಹೋಗಿ ದಾರಿಯಾಯಿತು. ಅದು ದಕ್ಷಿಣ ಕೊರಿಯಾದಲ್ಲಿ ಜನ ಬೀದಿಗಿಳಿದು ಸೈನಿಕ ಆಡಳಿತವನ್ನು ಮಣಿಸಿದ ಕಾಲ (1987). ವಸಾಹತು ಕಲಿಸಿದ ಭೂಗೋಳವನ್ನು ಬಿಟ್ಟು ಅಜ್ಜಂದಿರ ಭೂಗೋಳವನ್ನು ಹುಡುಕುವುದಕ್ಕೆ ಅದಕ್ಕಿಂತ ಹದವಾದ ಹೊತ್ತು ಇರಲಿಲ್ಲ.

ಇಲ್ಲಿ ನನ್ನದೊಂದು ತಕರಾರಿದೆ. ಕೊತೊ ಬೇಕೆಂದೇ ದೇಶದ ಬೆನ್ನುಮೂಳೆ ಮುರಿಯಲು ಬಂದವನು ಎಂಬ ಮಾತನ್ನು ಅಲ್ಲಿ ಬಹಳ ಜನ ಹೇಳುತ್ತಾರೆ. ಬಂಡೆಯ ರಚನೆಯಿಂದ ಪರ್ವತಗಳನ್ನು ವಿಂಗಡಿಸುವುದು ಎಲ್ಲ ದೇಶಗಳಲ್ಲೂ ಮಾಡುವ ಕೆಲಸ, ಅದು ನೀರಿನ ಗೆರೆಗಿಂತ ಬೇರೆ ಪ್ರಶ್ನೆಗೆ ಉತ್ತರ ಅಷ್ಟೆ. ಜಪಾನಿನವರು ಶಿಖರಗಳಿಗೆ ಕಬ್ಬಿಣದ ಗೂಟ ಹೊಡೆದು ದೇಶದ ಜೀವಶಕ್ತಿ ಹರಿಯದಂತೆ ತಡೆದರು ಎಂಬ ನಂಬಿಕೆಯೂ ಇದೆ. 1995ರಲ್ಲಿ, ಸ್ವಾತಂತ್ರ್ಯದ ಐವತ್ತನೇ ವರ್ಷಕ್ಕೆ, ಕಿಮ್ ಯಂಗ್‌ಸಾಮ್ ಸರ್ಕಾರ ಹುಡುಕಿ ಹುಡುಕಿ ಗೂಟ ಕೀಳಿಸಿತು. ಅವುಗಳಲ್ಲಿ ಎಷ್ಟೋ ಭೂಮಾಪನಕ್ಕೆ ನೆಟ್ಟವು, ಹಗ್ಗ ಕಟ್ಟಲು ನೆಟ್ಟವು ಎಂದು ಇತಿಹಾಸಕಾರರು ಆಗಲೇ ಹೇಳಿದರು. ಆದರೆ ಗೂಟದ ಕಥೆ ಸುಳ್ಳಾದರೂ ಅದರ ಹಿಂದಿನ ನೋವು ಸುಳ್ಳಲ್ಲ. ನೆಲದ ಹೆಸರು, ಮನುಷ್ಯರ ಹೆಸರು, ಕೊನೆಗೆ ನುಡಿಯನ್ನೇ ಕಳಕೊಂಡಿದ್ದ ಜನ ಅವರು. ಇನ್ನೊಂದು ವಿಚಿತ್ರವೂ ಇದೆ. ದೇಶ ಒಡೆದ ದುಃಖವನ್ನು ಕುರಿತ ಅವರ ಅತ್ಯಂತ ಹೆಸರಾಂತ ಕಾದಂಬರಿ, ಜೊ ಜಂಗ್ರೇ ಅವರ ಹತ್ತು ಸಂಪುಟಗಳದ್ದು, 1989ರಲ್ಲಿ ಮುಗಿಯಿತು. ಅದರ ಹೆಸರು 'ತೇಬೇಕ್ ಪರ್ವತಶ್ರೇಣಿ'. ಕೊತೊ ಕೊಟ್ಟ ಹೆಸರು!

ನಾನು ನಡೆದದ್ದು ಜಿರಿಸಾನ್ ಕೆಳಗಿನ ನಾಮ್ವನ್ ಕಡೆಯ ತುಂಡು. ಬೆಟ್ಟಸಾಲು ಅಂದಮೇಲೆ ಏರು, ಕಾಡು, ಬಂಡೆ ಎಂದುಕೊಂಡು ಹೋದರೆ ಅಲ್ಲಿ ಅದು ಇಳಿದು ಇಳಿದು ನೊಚಿ ಎಂಬ ಹಳ್ಳಿಯೊಳಗೇ ಹೊಕ್ಕಿತು. ಕಾಂಕ್ರೀಟ್ ರಸ್ತೆ, ಗದ್ದೆ, ಹೆಂಚಿನ ಮನೆ. ಎಲ್ಲಿ ಬೆಟ್ಟ ಎಂದು ಕೇಳಿದೆ. ನಮ್ಮ ಹಿರಿಯರು ರಸ್ತೆಯನ್ನೇ ತೋರಿಸಿದರು. ಇತ್ತ ಬಿದ್ದ ಮಳೆ ಸೊಮ್ಜಿನ್ ನದಿಗೆ, ಅತ್ತ ಬಿದ್ದದ್ದು ನಾಕ್ದೊಂಗ್ ನದಿಗೆ. ಕೊತೊನ ನಕ್ಷೆಯಲ್ಲಿ ಇಲ್ಲಿ ಪರ್ವತ ಇರಲು ಸಾಧ್ಯವೇ ಇಲ್ಲ, ಶಿನ್‌ನ ಪಟ್ಟಿಯಲ್ಲಿ ಇಲ್ಲದಿರಲು ಸಾಧ್ಯವಿಲ್ಲ. ನನಗೆ ತಟ್ಟನೆ ನೆನಪಾದದ್ದು ನಮ್ಮ ಬಿಸಿಲೆ ಘಟ್ಟದ ಹತ್ತಿರ ಮಂಕನಹಳ್ಳಿಯ ಆ ಕಲ್ಲು. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಬಂಗಾಳ ಕೊಲ್ಲಿ ಎಂದು ತೋರಿಸುತ್ತದೆ. ಚಿಕ್ಕಂದಿನಲ್ಲಿ ಅದರ ಮೇಲೆ ನಿಂತು ಎರಡೂ ಕಡೆಗೆ ನೀರು ಚೆಲ್ಲಿದವರಲ್ಲಿ ನಾನೂ ಒಬ್ಬ. ಹೇಮಾವತಿಗೆ ಬಿದ್ದ ಹನಿ ಕಾವೇರಿ ಸೇರಿ ತಮಿಳುನಾಡಿಗೆ ಬರುತ್ತದೆ, ನನ್ನ ಹಾಗೆಯೇ. ಕೊರಿಯಾದ ಲೆಕ್ಕದಲ್ಲಿ ನೋಡಿದರೆ ನಮ್ಮ ಸಹ್ಯಾದ್ರಿ ಪಾಲಕ್ಕಾಡಿನ ಕಣಿವೆಯಲ್ಲೂ ತುಂಡಾಗಿಲ್ಲ, ಬರೀ ತಗ್ಗಿದೆ. ನಾವು ನೀರನ್ನು ಪಂಪು ಹಾಕಿ ಘಟ್ಟ ಹತ್ತಿಸುವ ಎತ್ತಿನಹೊಳೆಯಂಥ ಯೋಜನೆ ಮಾಡಿದ್ದನ್ನು ಶಿನ್ ಗ್ಯಂಗ್‌ಜುನ್ ಕೇಳಿದ್ದರೆ ಪಟ್ಟಿಯಲ್ಲಿ ಏನು ಬರೆಯುತ್ತಿದ್ದನೋ.

ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಎಂದು ನಾವು ಹೇಳುವ ಹಾಗೆಯೇ ಅವರಲ್ಲೂ ಇದೆ. 'ಯಂಗ್' ಎಂದರೆ ಕಣಿವೆದಾರಿ, ಘಾಟಿ. ಅದರ ಪೂರ್ವದ ಸೀಮೆ ಯಂಗ್‌ದೊಂಗ್, ಪಶ್ಚಿಮದ್ದು ಯಂಗ್‌ಸೊ, ದಕ್ಷಿಣದ್ದು ಯಂಗ್‌ನಾಮ್. ಮಾತಿನ ಧಾಟಿ, ಊಟದ ಖಾರ, ಚುನಾವಣೆಯ ಮತ ಎಲ್ಲ ಈ ಸಾಲಿನ ಆಚೆ ಈಚೆಗೆ ಬೇರೆ. ಪ್ರತಿ ಘಾಟಿಗೂ ಒಂದು ಕಥೆ. ಯುಕ್ಶಿಮ್ನ್ಯಂಗ್ ಎಂದರೆ ಅರವತ್ತರ ಘಾಟಿ: ಕಳ್ಳರ ಭಯಕ್ಕೆ ಅರವತ್ತು ಜನ ಕೂಡುವ ತನಕ ಯಾರೂ ಹತ್ತುತ್ತಿರಲಿಲ್ಲವಂತೆ. ರಾಜಧಾನಿಗೆ ಸರ್ಕಾರಿ ಪರೀಕ್ಷೆ ಬರೆಯಲು ಹೋಗುವ ಯಂಗ್‌ನಾಮ್ ಹುಡುಗರಿಗೆ ಮೂರು ದಾರಿಗಳಿದ್ದವು. ಚುಪುಂಗ್ನ್ಯಂಗ್ ಹತ್ತಿದರೆ ಶರದೃತುವಿನ ಎಲೆಯಂತೆ ಉದುರಿಬಿಡುತ್ತೇವೆ, ಜುಂಗ್ನ್ಯಂಗ್ ಹತ್ತಿದರೆ ಜಾರಿಬಿಡುತ್ತೇವೆ ಎಂದು ಹೆಸರಿಗೇ ಹೆದರಿ, ಒಳ್ಳೆ ಸುದ್ದಿ ಕೇಳುವ ಊರು ಎಂಬ ಅರ್ಥದ ಮುಂಗ್ಯಂಗ್ ದಾರಿಯನ್ನೇ ಹಿಡಿಯುತ್ತಿದ್ದರಂತೆ. ಹಾಲ್ ಟಿಕೆಟ್‌ಗೆ ಕುಂಕುಮ ಹಚ್ಚಿ ಬಂದವರು ಯಾರೂ ನಗಬಾರದು. ದೇಗ್ವಲ್ಯಂಗ್ ಘಾಟಿಯ ದೇವರನ್ನು ವರ್ಷಕ್ಕೊಮ್ಮೆ ಗಾಂಗ್ನುಂಗ್ ಪಟ್ಟಣಕ್ಕೆ ಇಳಿಸಿ ತರುವ ದಾನೊ ಜಾತ್ರೆ 2005ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ.

ನಡೆಯುವವರ ಕಷ್ಟವೆಂದರೆ ನೀರೇ. ನೀರು ದಾಟದ ದಾರಿಯಲ್ಲಿ ನೀರು ಸಿಗುವುದಾದರೂ ಹೇಗೆ? ಪಕ್ಕಕ್ಕೆ ಇಳಿದು ಬುಗ್ಗೆ ಹುಡುಕಿ, ತುಂಬಿಕೊಂಡು ಮತ್ತೆ ಹತ್ತಬೇಕು. ಜಿರಿಸಾನ್‌ನ 1,915 ಮೀಟರಿನ ಚೊನ್ವಾಂಗ್‌ಬೊಂಗ್‌ನಿಂದ ಜಿನ್ಬುರ್ಯಂಗ್ ಘಾಟಿಯ ತನಕ ಸುಮಾರು 700 ಕಿಲೋಮೀಟರ್. ಒಂದೇ ಏಟಿಗೆ ನಡೆಯುವವರು ಕಡಿಮೆ. ಕೆಲಸಕ್ಕೆ ಹೋಗುವವರು ವಾರಾಂತ್ಯಕ್ಕೊಂದು ತುಂಡಿನಂತೆ ಒಂದೆರಡು ವರ್ಷ ತೆಗೆದುಕೊಳ್ಳುತ್ತಾರೆ. ತಮ್ಮ ಸಂಘದ ಹೆಸರು ಅಚ್ಚಾದ ಬಣ್ಣದ ಪಟ್ಟಿಗಳನ್ನು ಕೊಂಬೆಗೆ ಕಟ್ಟುತ್ತಾ ಹೋಗುತ್ತಾರೆ, ಹಿಂದೆ ಬರುವವರಿಗೆ ಅದೇ ದಾರಿಗುರುತು. ಕೆಲವು ಮರಗಳು ನಮ್ಮಲ್ಲಿ ಹರಕೆ ಕಟ್ಟಿದ ಮರದಂತೆ ಕಾಣುತ್ತವೆ. ರಾಷ್ಟ್ರೀಯ ಉದ್ಯಾನಗಳೊಳಗೆ ಕೆಲವು ತುಂಡುಗಳಿಗೆ ಪ್ರವೇಶವಿಲ್ಲ, ಸಿಕ್ಕಿಬಿದ್ದರೆ ದಂಡ. ಪೂರ್ತಿ ಮುಗಿಸಿದೆ ಎನ್ನುವವರು ಆ ತುಂಡುಗಳ ಬಗ್ಗೆ ಮಾತು ತೇಲಿಸುತ್ತಾರೆ.

2003ರ ಡಿಸೆಂಬರಿನಲ್ಲಿ ಈ ಸಾಲನ್ನು ಕಾಪಾಡಲೆಂದೇ ಒಂದು ಕಾನೂನು ಬಂತು, 2005ರಿಂದ ಜಾರಿಯಾಯಿತು, ಸುಮಾರು 2,63,000 ಹೆಕ್ಟೇರ್ ರಕ್ಷಿತ ಪ್ರದೇಶವಾಯಿತು. ಮರೆತುಹೋಗಿದ್ದ ಒಂದು ಪದ ಇಪ್ಪತ್ತೈದು ವರ್ಷದೊಳಗೆ ಕಾನೂನಿನ ಹೆಸರಾಯಿತು. ಗಾಡ್ಗೀಳ್ ವರದಿ (2011), ಕಸ್ತೂರಿರಂಗನ್ ವರದಿ (2013) ಎರಡಕ್ಕೂ ನಮ್ಮ ಊರುಗಳಲ್ಲಿ ಆದ ಗತಿ ನೋಡಿದವನಾಗಿ ನನಗೆ ಹೊಟ್ಟೆಕಿಚ್ಚಾದದ್ದು ನಿಜ. ಆದರೆ ಅಲ್ಲೂ ಎಲ್ಲ ಚೆನ್ನಾಗಿಲ್ಲ. ಜಾಬ್ಯಂಗ್ಸಾನ್ ಎಂಬ ಶಿಖರ ಸಿಮೆಂಟಿಗಾಗಿ ಸುಣ್ಣದ ಕಲ್ಲು ಕಡಿದೂ ಕಡಿದೂ ಮೆಟ್ಟಿಲುಮೆಟ್ಟಿಲಾಗಿದೆ. ವಂಶಾವಳಿಯಲ್ಲಿ ಒಂದು ಹೆಸರಿದೆ, ಆ ಮನುಷ್ಯ ಇಲ್ಲ, ಹಾಗೆ. ಚುಪುಂಗ್ನ್ಯಂಗ್ ಪಕ್ಕದ ಗುಮ್ಸಾನ್ ಅರ್ಧ ಬೆಟ್ಟ ಮಾತ್ರ ಉಳಿದಿದೆ, ಇನ್ನರ್ಧ ರೈಲು ಹಳಿಯ ಜಲ್ಲಿಯಾಯಿತು. ಸರಿಪಡಿಸಿದ್ದೂ ಇದೆ. 1925ರಲ್ಲಿ ರಸ್ತೆಗಾಗಿ ಕಡಿದಿದ್ದ ಈಹ್ವಾರ್ಯಂಗ್ ಘಾಟಿಯಲ್ಲಿ ರಸ್ತೆಯ ಮೇಲೆ ಕಮಾನು ಕಟ್ಟಿ, ಮಣ್ಣು ತುಂಬಿ, ಮರ ನೆಟ್ಟು, 2012ರಲ್ಲಿ ಸಾಲನ್ನು ಮತ್ತೆ ಕೂಡಿಸಿದರು. ಕಾರುಗಳು ಈಗ ಬೆಟ್ಟದ ಕೆಳಗೆ ಹೋಗುತ್ತವೆ, ಪ್ರಾಣಿಗಳು ಮೇಲೆ.

ಕೂಡಿಸಲಾಗದ ಜಾಗವೆಂದರೆ ಉತ್ತರದ್ದು. ಜಿನ್ಬುರ್ಯಂಗ್ ಆಚೆಗೆ ಹ್ಯಾಂಗ್ನೊಬೊಂಗ್ ಶಿಖರ ಸೈನ್ಯದ ವಶದಲ್ಲಿದೆ. ಅದರಾಚೆ 1953ರ ಕದನವಿರಾಮ ಎಳೆದ ನಾಲ್ಕು ಕಿಲೋಮೀಟರ್ ಅಗಲದ ಪಟ್ಟಿ. ಬೆಟ್ಟಸಾಲು ಅದರೊಳಗೂ ತುಂಡಾಗದೆ ಹೋಗುತ್ತದೆ, ಮನುಷ್ಯರಷ್ಟೇ ಹೋಗುವಂತಿಲ್ಲ. ದಕ್ಷಿಣ ಕೊರಿಯಾದ ರಾಷ್ಟ್ರಗೀತೆಯ ಮೊದಲಲ್ಲೇ ಬೇಕ್ದುಸಾನ್ ಹೆಸರು ಬರುತ್ತದೆ, ಆದರೆ ಅದನ್ನು ಹಾಡುವವರು ಆ ಬೆಟ್ಟ ನೋಡಬೇಕಾದರೆ ಚೀನಾಕ್ಕೆ ಹೋಗಿ ಆ ಕಡೆಯಿಂದ ಹತ್ತಬೇಕು. ಉತ್ತರದವರು ಅದೇ ಬೆಟ್ಟವನ್ನು ಒಂದು ಮನೆತನದ ಆಸ್ತಿ ಮಾಡಿಕೊಂಡಿದ್ದಾರೆ. ಕಿಮ್ ಜಂಗಿಲ್ 1942ರಲ್ಲಿ ಬೇಕ್ದುಸಾನ್‌ನ ಗುಪ್ತ ಶಿಬಿರದಲ್ಲಿ ಹುಟ್ಟಿದ ಎಂದು ಅಲ್ಲಿನ ಅಧಿಕೃತ ಚರಿತ್ರೆ, 1941ರಲ್ಲಿ ರಷ್ಯಾದ ಹಬಾರೊವ್ಸ್ಕ್ ಹತ್ತಿರ ಹುಟ್ಟಿದ ಎಂದು ಸೋವಿಯತ್ ದಾಖಲೆ. ಸಾಲಿನ ದಕ್ಷಿಣ ತುದಿಯ ಜಿರಿಸಾನ್‌ನಲ್ಲೂ ರಕ್ತ ಕಡಿಮೆ ಹರಿದಿಲ್ಲ. 1948ರ ಬಂಡಾಯದ ನಂತರ ಕಾಡು ಸೇರಿದ ಕಮ್ಯುನಿಸ್ಟ್ ಗೆರಿಲ್ಲಾಗಳು ಯುದ್ಧ ಮುಗಿದ ಮೇಲೂ ಅಲ್ಲೇ ಇದ್ದರು. ಅವರ ನಾಯಕ ಈ ಹ್ಯನ್‌ಸಾಂಗ್ ಸತ್ತದ್ದು 1953ರಲ್ಲಿ, ಆ ಬೆಟ್ಟದಲ್ಲೇ. ಇವತ್ತು ಚಾರಣಿಗರು ಉಪ್ಪಿನಕಾಯಿ ಡಬ್ಬಿ ಬಿಚ್ಚುವ ಕಣಿವೆಗಳಲ್ಲಿ ಎರಡೂ ಕಡೆಯ ಹೆಣಗಳು ಬಿದ್ದಿದ್ದವು.

ದಕ್ಷಿಣದ ಪೂರ್ತಿ ಸಾಲನ್ನು ನಡೆದು, ಆಮೇಲೆ ಉತ್ತರದಲ್ಲೂ ಅಪ್ಪಣೆ ಪಡೆದು ಅದರ ಶಿಖರಗಳನ್ನು ಹತ್ತಿ ಫೋಟೋ ತೆಗೆದವರು ರಾಜರ್ ಶೆಪರ್ಡ್. ಕೊರಿಯಾದವರಲ್ಲ, ನ್ಯೂಜಿಲೆಂಡಿನವರು. 2007ರಲ್ಲಿ ಗೆಳೆಯ ಆಂಡ್ರ್ಯೂ ಡೌಚ್ ಜೊತೆ ದಕ್ಷಿಣ ಮುಗಿಸಿದರು, ಉತ್ತರಕ್ಕೆ ಹೋದದ್ದು 2011ರ ನಂತರ. ಆ ಚಿತ್ರಗಳನ್ನು ದಕ್ಷಿಣದವರು ಬಹಳ ಹೊತ್ತು ನಿಂತು ನೋಡುತ್ತಾರೆ. ತಮ್ಮದೇ ಬೆಟ್ಟವನ್ನು ನೋಡಲು ಹೊರಗಿನವನ ಕ್ಯಾಮೆರಾ ಬೇಕಾಯಿತು. 2018ರ ಸೆಪ್ಟೆಂಬರ್ 20ರಂದು ದಕ್ಷಿಣದ ಅಧ್ಯಕ್ಷ ಮೂನ್ ಜೇಯಿನ್ ಉತ್ತರದ ಕಿಮ್ ಜಂಗುನ್ ಜೊತೆ ಬೇಕ್ದುಸಾನ್ ಹತ್ತಿ, ಚೊನ್ಜಿ ಕೆರೆಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡರು. ಚೀನಾದ ಕಡೆಯಿಂದ ಹತ್ತುವುದಿಲ್ಲ, ನಮ್ಮ ನೆಲದಿಂದಲೇ ಹತ್ತುತ್ತೇನೆ ಎಂದು ಎಷ್ಟೋ ವರ್ಷದಿಂದ ಕಾದಿದ್ದವರಂತೆ ಅವರು. ಆಮೇಲೆ ಆ ಬಾಗಿಲು ಮುಚ್ಚಿತು.

ನನ್ನನ್ನು ಕರೆದೊಯ್ದ ಹಿರಿಯರು ಈಗ ನಿವೃತ್ತರು. ಹೋದ ವರ್ಷ ಜಿನ್ಬುರ್ಯಂಗ್‌ನ ದೊಡ್ಡ ಕಲ್ಲಿನ ಪಕ್ಕ ನಿಂತ ಫೋಟೋ ಕಳಿಸಿದ್ದರು. ಮುಗಿಸಿದಿರಲ್ಲ ಸರ್, ಅಭಿನಂದನೆ ಎಂದು ನನ್ನ ಮುರುಕು ಕೊರಿಯನ್‌ನಲ್ಲಿ ಬರೆದೆ. ಅರ್ಧ ಆಯಿತು, ಮಂಡಿ ಗಟ್ಟಿಯಿರುವಾಗಲೇ ಉಳಿದದ್ದು ತೆರೆದರೆ ಸಾಕು ಎಂದು ಉತ್ತರ ಬಂತು. ನನ್ನದು ಆ ಅರ್ಧದಲ್ಲಿ ಹದಿನಾರು ಕಿಲೋಮೀಟರ್ ಅಷ್ಟೇ.